ಬಾಡಿಗೆ ಕೋಣೆಗಳ ಸ್ಟೀಲ್ ಗೋದಾಮು: ಮೊದಲು ಒಳಗಿನ ನಕ್ಷೆ, ಆಮೇಲೆ ಕಟ್ಟಡದ ಆರ್ಡರ್

ಮನೆ ಬದಲಿಸುವವರು, ಎರಡು ವರ್ಷದ ಮಟ್ಟಿಗೆ ಕೆಲಸದ ಮೇಲೆ ವಿದೇಶಕ್ಕೆ ಹೊರಟವರು, ಫ್ಲಾಟ್ ನವೀಕರಣಕ್ಕೆ ಕೈಹಾಕಿದವರು, ಆನ್‌ಲೈನ್‌ನಲ್ಲಿ ಸೀರೆ ಮಾರುವವರು, ಹಳೆಯ ಕಡತ ಬಿಸಾಡಲಾಗದ ಕಚೇರಿಗಳು. ಬೆಂಗಳೂರಿನಂಥ ಊರಲ್ಲಿ ಇವರೆಲ್ಲರಿಗೂ ಬೇಕಿರುವುದು ಬೀಗ ಹಾಕಿಡಬಹುದಾದ ಒಂದು ಸಣ್ಣ ಕೋಣೆ. ಅದನ್ನು ತಿಂಗಳ ಬಾಡಿಗೆಗೆ ಕೊಡುವುದೇ ಸೆಲ್ಫ್ ಸ್ಟೋರೇಜ್ ವ್ಯವಹಾರ. ಬೀಗ ಗ್ರಾಹಕರದು, ಕೀಲಿಯೂ ಅವರದೇ. ಮಾಲೀಕ ಕೊಡುವುದು ಒಣಗಿದ, ಇಲಿ-ಗೆದ್ದಲು ಬಾರದ, ಕಳ್ಳರು ನುಗ್ಗಲಾಗದ ಜಾಗ.

ಇದಕ್ಕೆ ಪ್ರೀ-ಎಂಜಿನಿಯರ್ಡ್ ಸ್ಟೀಲ್ ಕಟ್ಟಡ, ಅಂದರೆ ಪಿಇಬಿ, ಚೆನ್ನಾಗಿ ಒಗ್ಗುತ್ತದೆ. ಕಂಬ, ರಾಫ್ಟರ್ (ಚಾವಣಿ ಹೊರುವ ಓರೆ ತೊಲೆ), ಪರ್ಲಿನ್ (ಶೀಟ್ ಕೂರುವ ಅಡ್ಡಪಟ್ಟಿ), ಶೀಟ್ ಎಲ್ಲವೂ ಕಾರ್ಖಾನೆಯಲ್ಲೇ ಅಳತೆಗೆ ತಯಾರಾಗಿ ಲಾರಿಯಲ್ಲಿ ಬರುತ್ತವೆ. ಸೈಟಿನಲ್ಲಿ ಬೋಲ್ಟ್ ಹಾಕಿ ನಿಲ್ಲಿಸುವುದಷ್ಟೇ ಕೆಲಸ. ಆದರೆ ಬಹಳ ಮಂದಿ ಎಡವುವುದು ಇಲ್ಲೇ. 'ಹತ್ತು ಸಾವಿರ ಚದರಡಿ ಶೆಡ್‌ಗೆ ಎಷ್ಟಾಗುತ್ತೆ' ಎಂದು ಮೊದಲು ಕೊಟೇಶನ್ ತರಿಸುತ್ತಾರೆ, ಶೆಡ್ ಎದ್ದ ಮೇಲೆ ಒಳಗೆ ಕೋಣೆ ಹೇಗೆ ಹಾಕುವುದು ಎಂದು ಯೋಚಿಸುತ್ತಾರೆ. ಆ ಹೊತ್ತಿಗೆ ಕಂಬವೊಂದು ಶಟರಿನ ನಡುಮಧ್ಯೆ ಬಂದು ನಿಂತಿರುತ್ತದೆ.

ಜಾಗ ಮತ್ತು ಕಾಗದಪತ್ರ

ನೆಲಮಂಗಲ, ಹೊಸಕೋಟೆ ಕಡೆಯ ದೊಡ್ಡ ಗೋದಾಮುಗಳನ್ನು ನೋಡಿ ಅಲ್ಲೇ ಜಾಗ ಹುಡುಕಬೇಡಿ. ಅವು ಲಾರಿಗಳಿಗಾಗಿ ಇರುವ ಜಾಗಗಳು. ಸೆಲ್ಫ್ ಸ್ಟೋರೇಜ್‌ಗೆ ಅಪಾರ್ಟ್‌ಮೆಂಟ್‌ಗಳು ಹತ್ತಿರವಿರಬೇಕು. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್, ಕನಕಪುರ ರಸ್ತೆಗಳ ಆಸುಪಾಸಿನಲ್ಲಿ ಜನ ಅರ್ಧ ಗಂಟೆಯೊಳಗೆ ಬಂದು ಹೋಗುವಂತಿದ್ದರೆ ಕೋಣೆ ತುಂಬುತ್ತದೆ. ಟೆಂಪೊ ಬಂದು ತಿರುಗಲು, ಅಗ್ನಿಶಾಮಕ ವಾಹನ ಸುತ್ತು ಹಾಕಲು ಕಟ್ಟಡದ ಪಕ್ಕದಲ್ಲಿ ಕನಿಷ್ಠ 6 ಮೀಟರ್ ದಾರಿ ಬಿಡಬೇಕು.

ಕೃಷಿ ಭೂಮಿಯಾದರೆ ಕರ್ನಾಟಕ ಭೂ ಕಂದಾಯ ಕಾಯ್ದೆ, 1964ರ 95ನೇ ಕಲಮಿನಡಿ ಭೂ ಪರಿವರ್ತನೆಯ ಈಗಿನ ನಿಯಮ ಏನೆಂದು ನೋಡಿಕೊಳ್ಳಬೇಕು. ಮಾಸ್ಟರ್ ಪ್ಲಾನ್‌ನಲ್ಲಿ ಆ ಜಾಗ ಯಾವ ವಲಯಕ್ಕೆ ಸೇರಿದೆ, ಅಲ್ಲಿ ಗೋದಾಮಿಗೆ ಅವಕಾಶ ಇದೆಯೇ ಎಂಬುದನ್ನು ಅಡ್ವಾನ್ಸ್ ಕೊಡುವ ಮೊದಲೇ ನೋಡಿ. 'ಶೆಡ್‌ಗೆ ಪ್ಲಾನ್ ಬೇಕಿಲ್ಲ' ಎನ್ನುವ ಮಾತನ್ನು ನಂಬಬೇಡಿ. ಪಿಇಬಿ ಕೂಡ ಕಟ್ಟಡವೇ. ಸೆಟ್‌ಬ್ಯಾಕ್, ನಕ್ಷೆ ಅನುಮೋದನೆ, ಟ್ರೇಡ್ ಲೈಸೆನ್ಸ್ ಎಲ್ಲವೂ ಅನ್ವಯಿಸುತ್ತವೆ. ರಾಷ್ಟ್ರೀಯ ಕಟ್ಟಡ ಸಂಹಿತೆ 2016ರ ಪ್ರಕಾರ ಇದು 'ಗುಂಪು ಎಚ್', ಅಂದರೆ ಸಂಗ್ರಹಣಾ ಕಟ್ಟಡ. ನಕ್ಷೆಯಲ್ಲಿ ಹಾಗೆಯೇ ನಮೂದಾಗಿರಲಿ. ಮುಂದೆ ವಿಮೆ ಮಾಡಿಸುವಾಗ ಇದು ಕೆಲಸಕ್ಕೆ ಬರುತ್ತದೆ.

ಒಳಗಿನ ನಕ್ಷೆ

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಕಡಿಮೆಯೇ. ಬಾಡಿಗೆಗೆ ಹೋಗುವ ಕೋಣೆಗಳು ಸಾಮಾನ್ಯವಾಗಿ 5×5, 5×10, 10×10, 10×20 ಅಡಿ ಅಳತೆಯವು. 10×10 ಕೋಣೆಯಲ್ಲಿ ಎರಡು ಬೆಡ್‌ರೂಮ್ ಮನೆಯ ಸಾಮಾನು ಒಟ್ಟಾರೆ ಹಿಡಿಯುತ್ತದೆ. ಹಾಗಾಗಿ ಇಡೀ ಕಟ್ಟಡವನ್ನು 10 ಅಡಿಯ ಲೆಕ್ಕಕ್ಕೆ ಕೂರಿಸಬೇಕು.

ಉದಾಹರಣೆಗೆ 66 ಅಡಿ ಅಗಲ, 160 ಅಡಿ ಉದ್ದದ ಕಟ್ಟಡವನ್ನು ತೆಗೆದುಕೊಳ್ಳೋಣ. ಅಗಲವನ್ನು ಹೀಗೆ ಹಂಚಬಹುದು: ಹೊರಗೋಡೆಗೆ ಶಟರ್ ಇರುವ 10 ಅಡಿ ಆಳದ ಕೋಣೆ, ಅದರ ಬೆನ್ನಿಗೆ ಒಳಗಡೆ ತೆರೆಯುವ ಇನ್ನೊಂದು 10 ಅಡಿ, 5 ಅಡಿ ಓಣಿ, ನಡುವೆ ಬೆನ್ನಿಗೆ ಬೆನ್ನು ಕೊಟ್ಟ 8 ಅಡಿಯ ಎರಡು ಸಾಲು, ಮತ್ತೆ 5 ಅಡಿ ಓಣಿ, ಮತ್ತೆ 10 ಮತ್ತು 10. ಕೂಡಿದರೆ 66. ಉದ್ದದಲ್ಲಿ ಮುಂಭಾಗದ 20 ಅಡಿ ಕಚೇರಿಗೆ ಮತ್ತು ಸಾಮಾನು ಇಳಿಸುವ ಜಾಗಕ್ಕೆ ಹೋಗುತ್ತದೆ. 5 ಅಡಿಯ ಎರಡು ಅಡ್ಡ ಓಣಿಗಳಿಗೆ ಇನ್ನೂ 10 ಅಡಿ. ಉಳಿದ 130 ಅಡಿಯನ್ನು ಕೋಣೆಗಳ ಒಟ್ಟು ಆಳವಾದ 56 ಅಡಿಯಿಂದ ಗುಣಿಸಿದರೆ 7,280 ಚದರಡಿ. ಒಟ್ಟು 10,560 ಚದರಡಿಯಲ್ಲಿ ಬಾಡಿಗೆ ತರುವ ಭಾಗ ಸುಮಾರು ಶೇ 69. ನಿಮ್ಮ ನಕ್ಷೆಯಲ್ಲಿ ಇದು ಶೇ 60ಕ್ಕಿಂತ ಕೆಳಗಿಳಿದರೆ ಓಣಿಗಳನ್ನು ಮತ್ತೊಮ್ಮೆ ಜೋಡಿಸಿ ನೋಡಿ. ಅಡ್ಡ ಓಣಿಗಳ ಎರಡೂ ತುದಿಗೆ ಹೊರಬಾಗಿಲು ಇರಲಿ. ಯಾವ ಕೋಣೆಯಿಂದಲೂ 30 ಮೀಟರ್ ಒಳಗೆ ಹೊರದಾರಿ ಸಿಗಬೇಕು.

ಈಗ ಕಂಬಗಳ ವಿಷಯ. ಕಂಬ, ರಾಫ್ಟರ್ ಸೇರಿದ ಒಂದು ಚೌಕಟ್ಟೇ ಫ್ರೇಮ್. ಫ್ರೇಮಿನಿಂದ ಫ್ರೇಮಿಗೆ ಇರುವ ಅಂತರವನ್ನು 'ಬೇ' ಎನ್ನುತ್ತಾರೆ. ಕಂಪನಿಯವರು ತಮ್ಮ ರೂಢಿಯಂತೆ 6 ಮೀಟರ್ ಅಥವಾ 7.5 ಮೀಟರ್ ಬೇ ಹಾಕಿ ಡ್ರಾಯಿಂಗ್ ಕಳಿಸುತ್ತಾರೆ. 10 ಅಡಿಯ ಎರಡು ಕೋಣೆ ಸೇರಿದರೆ 20 ಅಡಿ, ಅಂದರೆ 6.1 ಮೀಟರ್. 6 ಮೀಟರ್ ಬೇ ಇಟ್ಟುಕೊಂಡರೆ ಪ್ರತಿ ಬೇಯಲ್ಲೂ 10 ಸೆಂ.ಮೀ. ಸರಿಯುತ್ತಾ ಹೋಗಿ, ಎಂಟನೇ ಬೇ ಮುಗಿಯುವಷ್ಟರಲ್ಲಿ ಪಾರ್ಟಿಶನ್ ಗೆರೆಗೂ ಕಂಬಕ್ಕೂ 80 ಸೆಂ.ಮೀ. ವ್ಯತ್ಯಾಸ ಬಂದಿರುತ್ತದೆ. 7.5 ಮೀಟರ್ ಆದರಂತೂ ಎರಡನೇ ಕಂಬದಲ್ಲೇ ಲೆಕ್ಕ ತಪ್ಪುತ್ತದೆ. '6.1 ಮೀಟರ್‌ನ 8 ಬೇ' ಎಂದು ಆರ್ಡರಿನಲ್ಲೇ ಬರೆಸಿ. ಇದಕ್ಕೆ ಹೆಚ್ಚುವರಿ ಖರ್ಚು ಏನೂ ಇಲ್ಲ.

ನಡುವೆ ಕಂಬವೇ ಇಲ್ಲದ 20 ಮೀಟರ್ ಕಟ್ಟಡ ಬೇಕೇ? ಒಳಗೆ ಹತ್ತು ಅಡಿಗೊಂದು ಪಾರ್ಟಿಶನ್ ಬರುವುದರಿಂದ ಅದರ ಅಗತ್ಯವಿಲ್ಲ. ಒಂದೆರಡು ಸಾಲು ತೆಳು ಕಂಬಗಳನ್ನು ಪಾರ್ಟಿಶನ್ ಒಳಗೆ ಅಡಗಿಸಿದರೆ ರಾಫ್ಟರಿನ ಸ್ಟೀಲ್ ಗಣನೀಯವಾಗಿ ಉಳಿಯುತ್ತದೆ. ಆದರೆ ವ್ಯವಹಾರ ಕೈಹಿಡಿಯದಿದ್ದರೆ ಅದೇ ಕಟ್ಟಡವನ್ನು ಮಾಮೂಲಿ ಗೋದಾಮಾಗಿ ಬಾಡಿಗೆಗೆ ಕೊಡಬೇಕು ಎಂಬ ಎಣಿಕೆ ಇದ್ದವರು ಕಂಬವಿಲ್ಲದ ಕಟ್ಟಡಕ್ಕೇ ಹೋಗಲಿ. ಮೊದಲ ಬಾರಿ ಕೈಹಾಕುವವರಿಗೆ ಈ ಕಂಬವಿಲ್ಲದ ಕಟ್ಟಡವೇ ಸುರಕ್ಷಿತ. ಮುಂದೆ ಉದ್ದ ಹೆಚ್ಚಿಸುವ ಯೋಚನೆ ಇದ್ದರೆ ಹಿಂಬದಿಯ ಕೊನೆಯಲ್ಲಿ ಹಗುರವಾದ ಗೇಬಲ್ ಗೋಡೆಯ ಬದಲು ಪೂರ್ಣ ಫ್ರೇಮನ್ನೇ ಹಾಕಿಸಿ. ನಾಳೆ ಶೀಟ್ ಬಿಚ್ಚಿ ಹೊಸ ಬೇ ಜೋಡಿಸಿದರೆ ಮುಗಿಯಿತು.

ಎರಡು ಅಂತಸ್ತಿನ ಆಸೆ ಎಲ್ಲರಿಗೂ ಬರುತ್ತದೆ. ಲೆಕ್ಕ ನೋಡಿ. ಭಾರತೀಯ ಮಾನಕ ಐಎಸ್ 875ರ 2ನೇ ಭಾಗದ ಪ್ರಕಾರ ಸಂಗ್ರಹಣಾ ಮಹಡಿಗೆ ಪ್ರತಿ ಮೀಟರ್ ಎತ್ತರಕ್ಕೆ ಚದರ ಮೀಟರ್‌ಗೆ 2.4 ಕಿಲೋನ್ಯೂಟನ್, ಒಟ್ಟಾರೆ ಕನಿಷ್ಠ 7.5 ಕಿಲೋನ್ಯೂಟನ್ ಭಾರ ಹಿಡಿಯಬೇಕು. ಅಂದರೆ ಚದರ ಮೀಟರ್‌ಗೆ ಸುಮಾರು 765 ಕೆ.ಜಿ. ಮನೆಯ ಕೋಣೆಗೆ ಹಿಡಿಯುವುದು 2 ಕಿಲೋನ್ಯೂಟನ್. ಕಚೇರಿಗೆಂದು ಮಾಡಿದ ಮೆಜ್ಜನೈನ್ (ನಡು ಅಂತಸ್ತು) ವಿನ್ಯಾಸವನ್ನು ಇಲ್ಲಿ ತಂದು ಕೂರಿಸುವುದು ಅಪಾಯ. ಮಹಡಿ ಈಗ ಬೇಡ, ಮುಂದೆ ಬೇಕು ಎನ್ನುವವರು ಪಾಯ ಮತ್ತು ಕಂಬವನ್ನಾದರೂ ಆ ಭಾರಕ್ಕೆ ಈಗಲೇ ಮಾಡಿಸಬೇಕು.

ಆರ್ಡರಿನಲ್ಲಿ ಏನು ಬರೆಸಬೇಕು

ವಿನ್ಯಾಸಕ್ಕೆ ಐಎಸ್ 800:2007, ಗಾಳಿಗೆ ಐಎಸ್ 875ರ 3ನೇ ಭಾಗ (2015). ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿನದು 39. ಒಂದು ಊರಿಗೆ ಮಾಡಿದ ಡ್ರಾಯಿಂಗನ್ನು ಇನ್ನೊಂದು ಊರಿಗೆ ಎತ್ತಿಕೊಂಡು ಹೋಗುವಂತಿಲ್ಲ.

ಸೆಲ್ಫ್ ಸ್ಟೋರೇಜ್‌ಗೇ ವಿಶೇಷವಾದ ಒಂದು ಅಂಶವಿದೆ. ಹೊರಗೋಡೆಯ ತುಂಬ ಶಟರ್‌ಗಳಿರುತ್ತವೆ. ನಾಲ್ಕಾರು ಶಟರ್ ತೆರೆದಿರುವಾಗ ಬಿರುಗಾಳಿ ಬಂದರೆ ಗಾಳಿ ಒಳನುಗ್ಗಿ ಚಾವಣಿಯನ್ನು ಒಳಗಿನಿಂದ ಮೇಲಕ್ಕೆ ಒತ್ತುತ್ತದೆ. ಗೋಡೆಯಲ್ಲಿ ತೆರವು ಶೇ 5ರ ಒಳಗಿದ್ದರೆ ಒಳಒತ್ತಡದ ಗುಣಾಂಕ 0.2, ಶೇ 5ರಿಂದ 20ರವರೆಗೆ 0.5, ಅದಕ್ಕೂ ಹೆಚ್ಚಾದರೆ 0.7. ಅಗ್ಗದ ಕೊಟೇಶನ್‌ಗಳು 0.2 ಹಿಡಿದು ಲೆಕ್ಕ ಹಾಕಿರುತ್ತವೆ. ಡಿಸೈನ್ ಶೀಟಿನಲ್ಲಿ ಈ ಸಂಖ್ಯೆ ಏನಿದೆ ಎಂದು ಕೇಳಿ ನೋಡಿ.

ಶೀಟಿನ ದಪ್ಪದಲ್ಲಿ ಮೋಸ ಹೋಗುವುದು ಸುಲಭ. '0.5 ಮಿ.ಮೀ.' ಎಂದಷ್ಟೇ ಬರೆದಿದ್ದರೆ ಅದು ಲೇಪನ, ಬಣ್ಣ ಸೇರಿಸಿದ ದಪ್ಪವೂ ಆಗಬಹುದು, ಬರೀ ಉಕ್ಕಿನ ದಪ್ಪವೂ ಆಗಬಹುದು. ಮೊದಲನೆಯದಾದರೆ ಒಳಗಿನ ಉಕ್ಕು 0.45ರ ಆಸುಪಾಸು. ಯಾವುದು ಎಂದು ಆರ್ಡರಿನಲ್ಲೇ ಬರೆಸಿ, ಲಾರಿ ಇಳಿಸುವಾಗ ಮೈಕ್ರೋಮೀಟರ್ ಹಿಡಿದು ಅಳೆಯಿರಿ. ಚಾವಣಿಗೆ ಬಣ್ಣದ ಗ್ಯಾಲ್ವಾಲ್ಯೂಮ್, ಎಝಡ್ 150 ಲೇಪನ, ಅಂದರೆ ಎರಡೂ ಮೈ ಸೇರಿ ಚದರ ಮೀಟರ್‌ಗೆ 150 ಗ್ರಾಂ ಅಲ್ಯೂಮಿನಿಯಂ-ಸತು. ಇಳಿಜಾರು ಹತ್ತಕ್ಕೆ ಒಂದು, ಪರ್ಲಿನ್ ಅಂತರ 1.5 ಮೀಟರ್ ಮೀರದಿರಲಿ. ಪಾರ್ಟಿಶನ್ ಎತ್ತರ 8 ಅಡಿ. ಅದಕ್ಕೆ ಹೊಂದುವಂತೆ ಸೂರಂಚಿನ ಎತ್ತರ 3.6ರಿಂದ 4 ಮೀಟರ್ ಸಾಕು.

ಗಟಾರದ ವಿಷಯದಲ್ಲಿ ಒಂದೇ ಮಾತು: ಕಟ್ಟಡದ ನಡುವೆ, ಎರಡು ಇಳಿಜಾರು ಕೂಡುವಲ್ಲಿ ಬರುವ ವ್ಯಾಲಿ ಗಟಾರ ಬೇಡವೇ ಬೇಡ. ಕಸ ಕಟ್ಟಿಕೊಂಡ ದಿನ ಆ ನೀರೆಲ್ಲ ಗ್ರಾಹಕರ ಸೋಫಾದ ಮೇಲೆ ಇಳಿಯುತ್ತದೆ. ಒಂದೇ ನೆತ್ತಿ, ಎರಡೂ ಕಡೆ ಹೊರಕ್ಕೆ ಇಳಿಜಾರು ಇರಲಿ. ನಮ್ಮ ಉದಾಹರಣೆಯ ಚಾವಣಿ ಸುಮಾರು 980 ಚದರ ಮೀಟರ್. ಗಂಟೆಗೆ 100 ಮಿ.ಮೀ. ರಭಸದ ಮಳೆಯಲ್ಲಿ ಒಂದೊಂದು ಕಡೆಗೂ ಗಂಟೆಗೆ 49,000 ಲೀಟರ್, ಅಂದರೆ ಸೆಕೆಂಡಿಗೆ 13 ಲೀಟರಿಗೂ ಮಿಕ್ಕಿ ನೀರು ಇಳಿಯುತ್ತದೆ. ಎರಡೂ ತುದಿ ಸೇರಿ, ಪ್ರತಿ ಎರಡು ಬೇಗೊಂದರಂತೆ ಒಂದೊಂದು ಕಡೆಗೂ 150 ಮಿ.ಮೀ.ನ ಐದು ಪೈಪು ಇಡಿ. ಆ ನೀರನ್ನು ಇಂಗುಗುಂಡಿಗೆ ತಿರುಗಿಸಿದರೆ ಅಂಗಳದಲ್ಲೂ ನೀರು ನಿಲ್ಲುವುದಿಲ್ಲ.

ಪಾಯ ಮತ್ತು ನೆಲ

ಸ್ಟೀಲ್ ಕಟ್ಟಡ ಹಗುರ, ಹಾಗಾಗಿ ಪಾಯವೂ ಸಣ್ಣದಿದ್ದರೆ ಸಾಕು ಎಂದುಕೊಳ್ಳುವುದು ತಪ್ಪು. ಹಗುರವಾದ್ದರಿಂದಲೇ ಗಾಳಿ ಅದನ್ನು ಎತ್ತಲು ನೋಡುತ್ತದೆ. ಹಿಡಿದಿಡುವುದು ಪಾಯದ ಕಾಂಕ್ರೀಟಿನ ತೂಕ. ಮಣ್ಣು ಪರೀಕ್ಷೆ ಮಾಡಿಸಿಯೇ ಆಳ ನಿರ್ಧರಿಸಿ. ಬೆಂಗಳೂರಿನ ಕೆಂಪು ಮಣ್ಣಿಗೂ ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆ ಮಣ್ಣಿಗೂ ಅಜಗಜಾಂತರ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಬಿರಿಯುತ್ತದೆ. ಅದನ್ನು ಅಗೆದು ತೆಗೆದು ಗರಸು ಮಣ್ಣು ತುಂಬಿ ಅದುಮದೆ ನೆಲ ಹಾಕಿದರೆ ಎರಡನೇ ವರ್ಷಕ್ಕೆ ಶಟರ್‌ಗಳು ಹಳಿ ತಪ್ಪಿ ಸಿಕ್ಕಿಹಾಕಿಕೊಳ್ಳುತ್ತವೆ.

ಕಂಬ ಕೂರುವ ಫೌಂಡೇಶನ್ ಬೋಲ್ಟ್‌ಗಳನ್ನು ಉಕ್ಕಿನ ಟೆಂಪ್ಲೇಟಿಗೆ ಕಟ್ಟಿಯೇ ಕಾಂಕ್ರೀಟ್ ಸುರಿಯಬೇಕು. ಸುರಿಯುವ ಮೊದಲು ಒಮ್ಮೆ, ಸುರಿದ ತಕ್ಷಣ ಇನ್ನೊಮ್ಮೆ ಟೋಟಲ್ ಸ್ಟೇಷನ್ (ಸರ್ವೆ ಉಪಕರಣ) ಇಟ್ಟು ಅಳೆಯಿರಿ. ಸ್ಥಾನ 3 ಮಿ.ಮೀ. ಆಚೀಚೆ ಆಗಬಾರದು. ವೈಬ್ರೇಟರ್ ಬೋಲ್ಟಿಗೆ ತಾಗಿದರೆ ಸಾಕು, ಅದು ಸರಿಯುತ್ತದೆ. ಸರಿದ ಬೋಲ್ಟಿಗೆ ಹೊಂದಿಸಲು ಸೈಟಿನಲ್ಲಿ ಕಂಬದ ಬುಡದ ಬೇಸ್‌ಪ್ಲೇಟಿನ ತೂತನ್ನು ಗ್ಯಾಸ್ ಕಟರ್‌ನಿಂದ ಅಗಲಿಸುವುದು ಎಲ್ಲೆಡೆ ನಡೆಯುತ್ತದೆ. ಅದಕ್ಕೆ ಒಪ್ಪಬೇಡಿ. ಡಿಸೈನ್ ಎಂಜಿನಿಯರನ್ನು ಕೇಳಿ ಬರವಣಿಗೆಯಲ್ಲಿ ಪರಿಹಾರ ಪಡೆಯಿರಿ.

ನೆಲಕ್ಕೆ ಕ್ರಮ ಹೀಗಿದೆ: ಅದುಮಿದ ಮಣ್ಣು, ಗೆದ್ದಲು ನಿರೋಧಕ ಸಿಂಪಡಣೆ (ಐಎಸ್ 6313), 150 ಮಿ.ಮೀ. ಜಲ್ಲಿ ಹಾಸು, 250 ಮೈಕ್ರಾನ್ ಪಾಲಿಥಿನ್ ಹಾಳೆ, ಅದರ ಮೇಲೆ 150 ಮಿ.ಮೀ. ಎಂ25 ಕಾಂಕ್ರೀಟ್. ಪಾಲಿಥಿನ್ ಮತ್ತು ಗೆದ್ದಲು ಔಷಧಿ ಇಡೀ ಕಟ್ಟಡದಲ್ಲೇ ಅತಿ ಅಗ್ಗದ ಬಾಬತ್ತುಗಳು. ಉಳಿತಾಯದ ಹೆಸರಲ್ಲಿ ಮೊದಲು ಕೈಬಿಡುವುದೂ ಇವನ್ನೇ. ಪಾಲಿಥಿನ್ ಇಲ್ಲದಿದ್ದರೆ ನೆಲದ ತೇವ ಮೇಲೇರಿ ರಟ್ಟಿನ ಡಬ್ಬಗಳ ತಳ ಮೆತ್ತಗಾಗುತ್ತದೆ, ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಗೆದ್ದಲಂತೂ ನೆಲದ ಸಂದಿಯಿಂದ ಎದ್ದು ನೇರ ಪುಸ್ತಕದ ಪೆಟ್ಟಿಗೆಗೆ ಹೋಗುತ್ತದೆ. ಬೀಗ ಹಾಕಿದ ಕೋಣೆಯಾದ್ದರಿಂದ ಆರು ತಿಂಗಳು ಯಾರ ಕಣ್ಣಿಗೂ ಬೀಳುವುದಿಲ್ಲ.

ಕಾಂಕ್ರೀಟ್ ಹಾಕಿದ ಒಂದು ದಿನದೊಳಗೆ ಯಂತ್ರದಿಂದ 40 ಮಿ.ಮೀ. ಆಳದ ಜಾಯಿಂಟ್ ಕತ್ತರಿಸಬೇಕು. ತಡವಾದರೆ ನೆಲ ತನಗೆ ಬೇಕಾದಲ್ಲಿ ಬಿರುಕು ಬಿಡುತ್ತದೆ. ಜಾಯಿಂಟ್‌ಗಳು 10 ಅಡಿಗೊಂದು ಇರಲಿ, ಆದರೆ ಪಾರ್ಟಿಶನ್ ಗೆರೆಯಿಂದ ಅರ್ಧ ಅಡಿ ಸರಿದಿರಲಿ. ಇಲ್ಲವಾದರೆ ಪಾರ್ಟಿಶನ್ನಿನ ಆ್ಯಂಕರ್ ಬೋಲ್ಟ್ ಜಾಯಿಂಟಿನ ಅಂಚಿಗೇ ಬಿದ್ದು ಕಾಂಕ್ರೀಟ್ ಚಕ್ಕೆ ಏಳುತ್ತದೆ. ಹೊರಶಟರ್ ಕೂರುವ ಕಡೆ ನೆಲವನ್ನು 25 ಮಿ.ಮೀ. ತಗ್ಗಿಸಿ, ಹೊರಕ್ಕೆ ಐವತ್ತಕ್ಕೆ ಒಂದರಷ್ಟು ಇಳಿಜಾರು ಕೊಡಿ. ಶಟರಿನ ಕೆಳಗಿನ ಪಟ್ಟಿ ಆ ತಗ್ಗಿನಲ್ಲಿ ಕೂತರೆ ಎರಚಲು ನೀರು ಒಳಗೆ ಬರುವುದಿಲ್ಲ.

ನಿಲ್ಲಿಸುವುದು, ಹೊದಿಸುವುದು

ಡ್ರಾಯಿಂಗ್ ಒಪ್ಪಿಗೆಯಿಂದ ಚಾವಣಿ ಮುಗಿಯುವವರೆಗೆ ಈ ಅಳತೆಯ ಕಟ್ಟಡಕ್ಕೆ ಸಾಮಾನ್ಯವಾಗಿ ಮೂರು-ನಾಲ್ಕು ತಿಂಗಳು ಬೇಕು. ಏಪ್ರಿಲ್-ಮೇ ತಿಂಗಳ ಸಂಜೆಯ ಬಿರುಗಾಳಿಗೆ ಅರೆಬರೆ ನಿಂತ ಫ್ರೇಮ್‌ಗಳು ಸಿಕ್ಕದಂತೆ, ಡಿಸೆಂಬರಿನಿಂದ ಮಾರ್ಚ್ ನಡುವೆ ಎತ್ತುವ ಕೆಲಸ ಮುಗಿಸಿಕೊಳ್ಳುವುದು ಲೇಸು.

ಮೊದಲು ನಿಲ್ಲಿಸಬೇಕಾದದ್ದು ಬ್ರೇಸಿಂಗ್, ಅಂದರೆ ಫ್ರೇಮ್ ವಾಲದಂತೆ ಹಿಡಿಯುವ ಓರೆ ಕಟ್ಟು, ಇರುವ ಬೇ. ಎರಡು ಫ್ರೇಮ್ ಎತ್ತಿ, ನಡುವೆ ಪರ್ಲಿನ್ ಜೋಡಿಸಿ, ಅಡ್ಡಲಾಗಿ ಬ್ರೇಸಿಂಗ್ ರಾಡ್ ಬಿಗಿದು, ಕಂಬ ನೆಟ್ಟಗಿದೆಯೇ ಎಂದು ತೂಗು ನೋಡಿ, ಆಮೇಲೆಯೇ ಮೂರನೆಯ ಫ್ರೇಮ್. ಬೇಗ ಮುಗಿಸುವ ಆತುರಕ್ಕೆ ಬ್ರೇಸಿಂಗ್ ಇಲ್ಲದೆ ಎಂಟು ಫ್ರೇಮ್ ಸಾಲಾಗಿ ನಿಲ್ಲಿಸಿ ರಾತ್ರಿ ಬಿಟ್ಟು ಹೋದರೆ ಒಂದು ಗಾಳಿಗೆ ಇಸ್ಪೀಟೆಲೆಗಳಂತೆ ಸಾಲಾಗಿ ಮಗುಚುತ್ತವೆ. ಕಟ್ಟುವ ಹಂತದಲ್ಲಿ ಪಿಇಬಿ ಕಟ್ಟಡಗಳು ಬೀಳಲು ಮುಖ್ಯ ಕಾರಣ ಇದೇ. ಕಂಬಗಳು ತೂಗಿಗೆ ಬಂದ ಮೇಲೆ ಬೇಸ್‌ಪ್ಲೇಟಿನ ಕೆಳಗೆ ಕುಗ್ಗದ ಗ್ರೌಟ್ (ಸಿಮೆಂಟಿನ ತೆಳು ಗಾರೆ) ತುಂಬಿ.

ಶೀಟ್ ಬಂದಾಗ ನೆಲದಿಂದ ಎತ್ತರಿಸಿ, ಒಂದು ತುದಿ ತಗ್ಗಾಗಿ ಓರೆ ಇಟ್ಟು ಮುಚ್ಚಿ. ಒಂದರ ಮೇಲೊಂದು ಒತ್ತಿಕೊಂಡ ಶೀಟ್‌ಗಳ ನಡುವೆ ನೀರು ಸೇರಿದರೆ ಕೆಲವೇ ದಿನಗಳಲ್ಲಿ ಕಲೆ ಕಟ್ಟಿ ಲೇಪನ ಹಾಳಾಗುತ್ತದೆ. ಸ್ಕ್ರೂ ಬಿಗಿಯುವಾಗ ಅದರಡಿಯ ರಬ್ಬರ್ ವಾಷರ್ ಲೋಹದ ಬಿಲ್ಲೆಯ ಅಂಚಿನಿಂದ ಕೂದಲೆಳೆಯಷ್ಟು ಇಣುಕಬೇಕು, ಅಷ್ಟೇ. ಹೊರಕ್ಕೆ ಉಬ್ಬಿ ಸೀಳಿದರೆ ಬಿಗಿ ಹೆಚ್ಚಾಯಿತು, ಬೆರಳಲ್ಲಿ ತಿರುಗಿದರೆ ಕಡಿಮೆಯಾಯಿತು. ಸೋರುವ ಚಾವಣಿಯನ್ನು ಹತ್ತಿ ನೋಡಿದರೆ ಬಹುಪಾಲು ಇವೆರಡರಲ್ಲಿ ಒಂದು ಕಾಣುತ್ತದೆ. ತೂತು ಕೊರೆದಾಗ ಬಿದ್ದ ಲೋಹದ ಪುಡಿಯನ್ನು ಅದೇ ಸಂಜೆ ಮೆತ್ತನೆಯ ಪೊರಕೆಯಿಂದ ಗುಡಿಸಿ ಹಾಕಿಸಿ. ರಾತ್ರಿ ಇಬ್ಬನಿಗೆ ಅದು ತುಕ್ಕು ಹಿಡಿದು ಹೊಸ ಶೀಟಿನ ಮೇಲೆ ಕೆಂಪು ಚುಕ್ಕೆ ಬಿಡುತ್ತದೆ. ಬೆಳಕಿನ ಪಾಲಿಕಾರ್ಬೊನೇಟ್ ಶೀಟ್ ಓಣಿಗಳ ಮೇಲಷ್ಟೇ ಸಾಕು. ಅದರ ಮೇಲೆ ಯಾರೂ ಕಾಲಿಡಬಾರದು, ಚಾವಣಿ ಏರಿದ ಪ್ರತಿಯೊಬ್ಬರಿಗೂ ಸುರಕ್ಷತಾ ಬೆಲ್ಟ್ ಮತ್ತು ಹಗ್ಗ ಇರಲೇಬೇಕು.

ಬೆವರುವ ಚಾವಣಿ

ಸೋರಿಕೆ ಎಲ್ಲೂ ಇಲ್ಲ, ಆದರೂ ಬೆಳಗ್ಗೆ ಸಾಮಾನಿನ ಮೇಲೆ ಹನಿ ಬಿದ್ದಿದೆ ಎಂಬ ದೂರು ಚಳಿಗಾಲದಲ್ಲಿ ಬರುತ್ತದೆ. ರಾತ್ರಿ ಶೀಟ್ ತಣ್ಣಗಾದಾಗ ಒಳಗಿನ ತೇವದ ಗಾಳಿ ಅದರ ತಳಕ್ಕೆ ತಾಗಿ ನೀರಾಗುತ್ತದೆ. ಪರ್ಲಿನ್ ಮೇಲೆ ತಂತಿಬಲೆ ಹಾಸಿ, ಕೆಳಮೈಗೆ ಅಲ್ಯೂಮಿನಿಯಂ ಫಾಯಿಲ್ ಇರುವ 50 ಮಿ.ಮೀ. ಗ್ಲಾಸ್‌ವುಲ್ ಹರಡಿ, ಆಮೇಲೆ ಶೀಟ್ ಹೊದಿಸಬೇಕು. ಫಾಯಿಲ್ ಕಟ್ಟಡದ ಒಳಮುಖಕ್ಕೇ ಇರಬೇಕು, ಕೂಡುವ ಅಂಚುಗಳಿಗೆಲ್ಲ ಟೇಪ್ ಬೀಳಬೇಕು. ತಿರುಗಾಮುರುಗಾ ಹಾಕಿದರೆ ಉಣ್ಣೆಯೇ ನೀರು ಕುಡಿದು ಜೋತುಬೀಳುತ್ತದೆ. ಕಟ್ಟಡ ನಿಂತ ಮೇಲೆ ಇದನ್ನು ಸೇರಿಸುವುದು ಕಷ್ಟ, ದುಬಾರಿಯೂ ಹೌದು. ಜೊತೆಗೆ ನೆತ್ತಿಯಲ್ಲಿ ಹಕ್ಕಿಬಲೆ ಇರುವ ರಿಡ್ಜ್ ವೆಂಟ್ (ಗಾಳಿಕಿಂಡಿ) ಇರಲಿ.

ಹೊಸ ಕಾಂಕ್ರೀಟ್ ನೆಲವೂ ತಿಂಗಳುಗಟ್ಟಲೆ ತೇವ ಬಿಡುತ್ತಿರುತ್ತದೆ. ಅರ್ಧ ಮೀಟರ್ ಚದರದ ಪಾಲಿಥಿನ್ ತುಂಡನ್ನು ನೆಲಕ್ಕೆ ನಾಲ್ಕೂ ಕಡೆ ಟೇಪ್ ಹಚ್ಚಿ ಒಂದು ರಾತ್ರಿ ಬಿಡಿ. ಬೆಳಗ್ಗೆ ಅಡಿಯಲ್ಲಿ ಹನಿ ಕಂಡರೆ ಕೋಣೆ ಇನ್ನೂ ಬಾಡಿಗೆಗೆ ಸಿದ್ಧವಿಲ್ಲ. ಶಟರ್‌ಗಳನ್ನು ತೆರೆದಿಟ್ಟು ಕಾಯಿರಿ.

ಪಾರ್ಟಿಶನ್, ಶಟರ್, ಬೆಂಕಿ

ಪಾರ್ಟಿಶನ್ ಶೀಟ್ ನೇರವಾಗಿ ನೆಲಕ್ಕೆ ತಾಗಬಾರದು. ಒದ್ದೆ ಸಿಮೆಂಟಿನ ಕ್ಷಾರ ಗ್ಯಾಲ್ವಾಲ್ಯೂಮಿನ ಅಲ್ಯೂಮಿನಿಯಂ ಲೇಪನವನ್ನು ತಿನ್ನುತ್ತದೆ. ಸತು ಲೇಪಿತ ಚಾನೆಲ್ಲನ್ನು ನೆಲಕ್ಕೆ ಬಿಗಿದು, ಶೀಟನ್ನು ಅದರೊಳಗೆ ಒಂದು ಸೆಂ.ಮೀ. ಎತ್ತರಿಸಿ ಕೂರಿಸಿ. ಸಂದಿಗೆ ಗಾರೆ ಮೆತ್ತುವ ಅಭ್ಯಾಸ ಬೇಡ, ಸೀಲಂಟ್ ಹಾಕಿ. ಪಾರ್ಟಿಶನ್ನಿನ ಮೇಲ್ಭಾಗಕ್ಕೆ ತಂತಿಬಲೆ ಮುಚ್ಚಬೇಕು: ಪಕ್ಕದ ಕೋಣೆಯಿಂದ ಯಾರೂ ಹತ್ತಿ ಬರಲಾಗದು, ಹೊಗೆ ಮಾತ್ರ ಡಿಟೆಕ್ಟರಿಗೆ ತಲುಪುತ್ತದೆ. ಮೇಲೆ ಶೀಟ್ ಮುಚ್ಚಿಬಿಟ್ಟರೆ ಕೋಣೆಯೊಳಗಿನ ಬೆಂಕಿ ಹೊರಗೆ ಗೊತ್ತಾಗುವಷ್ಟರಲ್ಲಿ ಹೊತ್ತು ಮೀರಿರುತ್ತದೆ.

ಒಳ ಓಣಿ 5 ಅಡಿಯಾದ್ದರಿಂದ ಹೊರಕ್ಕೆ ತೆರೆಯುವ ಕದ ಬೇಡ. ಒಬ್ಬರು ಕದ ತೆರೆದರೆ ಇನ್ನೊಬ್ಬರ ಫ್ರಿಜ್ ದಾಟುವುದಿಲ್ಲ. ರೋಲಿಂಗ್ ಶಟರ್ ಮೇಲಕ್ಕೆ ಸುತ್ತಿಕೊಳ್ಳುತ್ತದೆ. ಹೊರಗಿನ 10 ಅಡಿ ಕೋಣೆಗೆ 8 ಅಡಿ ಅಗಲದ ಶಟರ್, ಒಳಗಿನದಕ್ಕೆ 6 ಅಡಿ ಸಾಕು. ಗೋಡೆ-ಚಾವಣಿ ಸೇರುವಲ್ಲಿ ಶೀಟಿನ ಅಲೆಗಳ ಸಂದಿಗೆ ಫೋಮ್ ಫಿಲ್ಲರ್ ಜೊತೆ ಉಕ್ಕಿನ ಬಲೆಯೂ ಇರಲಿ. ಬರೀ ಫೋಮ್ ಆದರೆ ಇಲಿ ಕಡಿದು ಬರುತ್ತದೆ.

ಉಕ್ಕು ಸುಡುವುದಿಲ್ಲ, ನಿಜ. ಆದರೆ 550 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಸ್ಪ್ರಿಂಕ್ಲರ್ ಇದ್ದರೆ ಅದರ ಕೆಳಗೆ 45 ಸೆಂ.ಮೀ. ಖಾಲಿ ಬಿಡಬೇಕು, ಆ ಮಟ್ಟವನ್ನು ಗೋಡೆಯ ಮೇಲೆ ಕೆಂಪು ಗೆರೆಯಿಂದ ಗುರುತಿಸಿ. ಓಣಿಯಲ್ಲಿ ಎಲ್ಲಿ ನಿಂತರೂ 15 ಮೀಟರ್ ಒಳಗೆ ಅಗ್ನಿಶಾಮಕ ಸಿಲಿಂಡರ್ ಸಿಗಬೇಕು. ಕೋಣೆಯೊಳಗೆ ಪ್ಲಗ್ ಪಾಯಿಂಟ್ ಕೊಡಲೇಬೇಡಿ. ಕೊಟ್ಟರೆ ಯಾರೋ ಸ್ಕೂಟರಿನ ಬ್ಯಾಟರಿ ಚಾರ್ಜಿಗೆ ಹಾಕಿ ಹೋಗುತ್ತಾರೆ. ಓಣಿಗೆ ಚಲನೆ ಗುರುತಿಸುವ ಎಲ್‌ಇಡಿ ದೀಪ ಸಾಕು. ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಥಿನ್ನರ್, ಪಟಾಕಿ, ಲಿಥಿಯಂ ಬ್ಯಾಟರಿ, ಅಕ್ಕಿ-ಬೇಳೆ ಇಡುವಂತಿಲ್ಲ ಎಂಬುದು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಕರಾರಿನಲ್ಲಿ ಇರಲಿ. ಬಾಡಿಗೆ ಕಟ್ಟದೆ ಹೋದವರ ಸಾಮಾನನ್ನು ಎಷ್ಟು ದಿನದ ನೋಟಿಸಿನ ಮೇಲೆ, ಯಾರ ಸಮ್ಮುಖದಲ್ಲಿ ತೆರೆಯಬಹುದು ಎಂಬುದನ್ನು ವಕೀಲರಿಂದ ಬರೆಸಿ ಅದೇ ಕರಾರಿಗೆ ಸೇರಿಸಿ.

ಪ್ರತಿ ವರ್ಷ ಮೇ ಮೊದಲ ವಾರ ಗಟಾರ ಬಳಿಸಿ, ಚಾವಣಿಯ ಸ್ಕ್ರೂಗಳನ್ನು ಸಾಲುಸಾಲಾಗಿ ನೋಡಿ ವಾಷರ್ ಬಿರಿದವನ್ನು ಬದಲಿಸಿ, ಬ್ರೇಸಿಂಗ್ ರಾಡ್ ಸಡಿಲವಾಗಿದ್ದರೆ ಬಿಗಿಸಿ. ಮೊದಲ ದೊಡ್ಡ ಮಳೆ ಸುರಿಯುತ್ತಿರುವಾಗಲೇ ಒಳಗೆ ಟಾರ್ಚ್ ಹಿಡಿದು ಓಣಿಗಳಲ್ಲಿ ಒಂದು ಸುತ್ತು ಹಾಕಿ, ಹನಿ ಕಂಡ ಕಡೆ ಪರ್ಲಿನ್‌ಗೆ ಸೀಮೆಸುಣ್ಣದ ಗುರುತು ಹಾಕಿಟ್ಟುಕೊಳ್ಳಿ. ಬಿಸಿಲು ಬಂದ ಮೇಲೆ ಆ ಜಾಗ ಹುಡುಕಿದರೆ ಸಿಗುವುದಿಲ್ಲ.